ಹದಿನೇಳನೇ ಪ್ರಶ್ನೆ

ಅಲ್ ನಹ್ದಾ, ದುಬೈ
೨೦ ಜನವರಿ ೨೦೨೫, ಸೋಮವಾರ

ಪ್ರೀತಿಯ ಎಮಿಲಿಯಾ,

ನೀನು ಬಸ್ ಹತ್ತಿ ಇನ್ನೂ ಒಂದು ದಿನ ಆಗಿಲ್ಲ, ಆಗಲೇ ಕಾಗದ ಹಿಡಿದು ಕೂತಿದ್ದೀನಿ. ಸುಮಂತ್ ನಗುತ್ತಾರೆ. "ಫೋನು ಅಂತ ಒಂದು ವಸ್ತು ಇದೆ, ಗೊತ್ತಾ?" ಅಂತ. ಗಂಡಸರಿಗೇನು ಗೊತ್ತು, ಫೋನಿನಲ್ಲಿ ನಾವು ಕಳಿಸಿಕೊಳ್ಳೋದು ಬರೀ ಹೆಬ್ಬೆಟ್ಟು ಎತ್ತಿದ ಚಿತ್ರ. ಓದಿದ ಪುಸ್ತಕದೊಳಗೆ ಕಾಗದ ಇಟ್ಟು ಮಂಗಳವಾರ ಶಾನವಾಝ್‌ನ ವ್ಯಾನಿಗೆ ಹಾಕುವ ಸುಖ ಅದರಲ್ಲಿಲ್ಲ. ಇಲ್ಲಿಯ ಸತ್ವಾ ಪೇಟೆಯ ಟೈಲರ್ ಅಂಗಡಿಯಿಂದ ಮರಳುಗಾಡಿನ ನಿಮ್ಮ ಮದೀನತ್ ಜಾಯೆದ್ ಊರಿನ ಹೋಟೆಲುಗಳಿಗೆ ಯೂನಿಫಾರ್ಮ್ ಒಯ್ಯುವ ಮನುಷ್ಯ ನಮಗೆ ಅಂಚೆಯಣ್ಣನೂ ಆಗಿದ್ದಾನೆ ಅಂತ ಅವನ ಯಜಮಾನನಿಗೆ ಗೊತ್ತಾಗದಿದ್ದರೆ ಸಾಕು.

ಎಷ್ಟು ಚೆನ್ನಾಗಿತ್ತು ಈ ವೀಕೆಂಡು! ನಿನ್ನ ನೀರುದೋಸೆ ತಿಂದು ಹಿತಾ ಇವತ್ತು ನನ್ನ ಚಪಾತಿಯನ್ನು ನೋಡಿ "ಅಮ್ಮಾ, ವಾಟ್ ಈಸ್ ದಿಸ್?" ಅಂದಳು. ಪ್ರೊಜೆಕ್ಟರಿನಿಂದ ಗೋಡೆಗೆ ಬೆಳಕು ಬಿಟ್ಟು ಆ ದೋಣಿ ನಡೆಸುವ ಹೆಂಗಸಿನ ಮಲಯಾಳಂ ಸಿನಿಮಾ ನೋಡಿದ್ದು, ಅರ್ಧಕ್ಕೇ ನಿನ್ನ ದೊಡ್ಡಮ್ಮನ ಮಗ ರುಡೊಲ್ಫ್ ಗೊರಕೆ ಹೊಡೆದದ್ದು, ಕೊನೆಗೆ ಎದ್ದು "ಒಳ್ಳೆ ಪಿಕ್ಚರ್" ಅಂದದ್ದು! ಆದರೆ ಎಲ್ಲಕ್ಕಿಂತ ನಗಿಸಿದ್ದು ನಿನ್ನ ಹೋಟೆಲಿನಲ್ಲಿ ರೂಮು ಕ್ಲೀನ್ ಮಾಡುವ ಮೈಮೂನಕ್ಕನ ಕಥೆ. ದಿನಾ ಎರಡೂವರೆಗೆ ಕಾರಿಡಾರಿನ ಕೊನೆಯ ಖಾಲಿ ರೂಮಿನಲ್ಲಿ ಆಕೆಯ ಅರ್ಧ ಗಂಟೆಯ ನಿದ್ದೆ, ರಿಸೆಪ್ಷನ್ನಿನಲ್ಲಿ ನಿನ್ನ ಕಾವಲು, ಮ್ಯಾನೇಜರ್ ಆ ಕಡೆ ಹೊರಟರೆ ರೂಮಿನ ಫೋನಿಗೆ ಎರಡು ರಿಂಗ್! ಆಕೆ ಎದ್ದು ತಲೆವಸ್ತ್ರ ಸರಿಮಾಡಿಕೊಳ್ಳುವುದನ್ನು ನೀನು ಮಾಡಿ ತೋರಿಸಿದ್ದು ನೆನಪಾಗಿ ಮೆಟ್ರೋದಲ್ಲಿ ಒಬ್ಬಳೇ ನಕ್ಕೆ.

ಆಫೀಸಿನಲ್ಲೂ ಒಳ್ಳೆಯ ಸುದ್ದಿ. ನಮ್ಮ ಕಂಪನಿಯಿಂದ ಗಿರಾಕಿಯ ವೇಷದಲ್ಲಿ ಹೋಟೆಲುಗಳನ್ನು ಪರೀಕ್ಷಿಸಲು ಹೋಗುವವನು ಏನು ನೋಡಬೇಕು, ಏನು ಕೇಳಬೇಕು ಅಂತ ಪ್ರಶ್ನೆಪಟ್ಟಿ ಬರೆಯುವ ನನ್ನ ಕೆಲಸ ನಿನಗೆ ಗೊತ್ತಲ್ಲ. "ನಿಮ್ಮ ಪ್ರಶ್ನೆಗಳು ಹಳಸಿವೆ" ಅಂತ ಮ್ಯಾನೇಜರ್ ಪೃಥ್ವಿರಾಜ್ ತಿಂಗಳಿಂದ ಗೊಣಗುತ್ತಿದ್ದ. ಇವತ್ತು ನಾನು ಬರೆದ ಹದಿನೇಳನೇ ಪ್ರಶ್ನೆಯನ್ನು ಮೀಟಿಂಗಿನಲ್ಲಿ ಎಲ್ಲರ ಮುಂದೆ ಓದಿದ. ಆರು ವರ್ಷದಲ್ಲಿ ಇದೇ ಮೊದಲು ಕಣೇ. ಮನೆಗೆ ಬರುವಾಗ ಮೈಸೂರುಪಾಕ್ ತಂದೆ.

ಮೂರು ಜನ ಅಕ್ಕತಂಗಿಯರ ಕಾದಂಬರಿ ಕಳಿಸಿದ್ದೀನಿ. ನಡುವಿನವಳ ಮೇಲೆ ಕಣ್ಣಿಡು.

ನಿನ್ನ,
ಬಿಂದು

*

ಮದೀನತ್ ಜಾಯೆದ್
೪ ಫೆಬ್ರವರಿ ೨೦೨೫

ಪ್ರೀತಿಯ ಬಿಂದು,

ನಿನ್ನ ನಡುವಿನವಳು ನನಗೆ ಆಗಲಿಲ್ಲ ಮಾರಾಯ್ತಿ. ತಪ್ಪು ಮಾಡುವುದು ಒಂದು ಪುಟದಲ್ಲಿ, ಅದಕ್ಕೆ ಅಳುವುದು ನೂರು ಪುಟ. ಅಳುವ ಹೊತ್ತಿಗೆ ಹೋಗಿ ಅಕ್ಕನ ಹತ್ತಿರ ಹೇಳಿಬಿಡಬಹುದಿತ್ತಲ್ಲ? ಹಾಗೆ ಮಾಡಿದರೆ ಪುಸ್ತಕ ದಪ್ಪ ಆಗುವುದಿಲ್ಲ, ಅದು ಬೇರೆ ವಿಷಯ.

ಇಲ್ಲಿ ಎಲ್ಲ ಅದೇ ಉಂಟು. ಮರಳು, ಪೈಪ್‌ಲೈನಿನ ಎಂಜಿನಿಯರುಗಳು, ಅವರ ಇಸ್ತ್ರಿ ಆಗದ ಶರ್ಟುಗಳ ದೂರು. ನಿನಗೆ ನಗು ಬಂತು ಅಂತ ಮೈಮೂನಕ್ಕನಿಗೆ ಹೇಳಿದೆ. ಅವರು ನಾಚಿಕೊಂಡರು. ಪಾಪ, ಬೆಳಿಗ್ಗೆ ಐದಕ್ಕೆ ಡ್ಯೂಟಿ, ದಿನಕ್ಕೆ ಇಪ್ಪತ್ತೆರಡು ರೂಮು, ಎರಡೂ ಮೊಣಗಂಟು ಊದಿರುವುದು. ಉಪ್ಪಿನಂಗಡಿಯಲ್ಲಿ ಅಣ್ಣಂದಿರು "ಹೋಟೆಲ್ ಕೆಲಸಕ್ಕೆ ಹೆಂಗಸು ಹೋಗುವುದಾ" ಅಂತ ಬಾಗಿಲಲ್ಲಿ ನಿಂತಿದ್ದರಂತೆ. ಇವರು ಅವರ ಕೈಯ ಕೆಳಗಿನಿಂದ ದಾಟಿ ಬಂದದ್ದು. ಮಗಳ ಮದುವೆ ಮಾಡಿ ಆಯಿತು. ಡಿಸೆಂಬರಿಗೆ ಕಾಂಟ್ರಾಕ್ಟ್ ಮುಗಿಸಿ ಮರ್ಯಾದೆಯಲ್ಲಿ ಊರಿಗೆ ಹೋಗಬೇಕು, ಅಷ್ಟೇ ಅವರ ಆಸೆ.

ನಿನ್ನ ಹದಿನೇಳನೇ ಪ್ರಶ್ನೆ ಎಂತದು? ಹೇಳಲೇ ಇಲ್ಲ. ಬಂದಾಗ ಹೇಳು. ಮೀನಿನ ಪುಳಿಮುಂಚಿ ಮಾಡಿಕೊಡ್ತೇನೆ.

ನಿನ್ನ,
ಎಮಿಲಿಯಾ

*

ಮದೀನತ್ ಜಾಯೆದ್
೨೫ ಫೆಬ್ರವರಿ ೨೦೨೫

ಬಿಂದು,

ಈ ಸಲ ಪುಸ್ತಕದ ವಿಷಯ ಎಂತ ಬರೆಯುವುದೂ ಇಲ್ಲ. ಮೈಮೂನಕ್ಕ ಹೋದರು. ಶನಿವಾರದ ಫ್ಲೈಟಿನಲ್ಲಿ ಕಳಿಸಿಬಿಟ್ಟರು. ವೀಸಾ ಕ್ಯಾನ್ಸಲ್, ಟಿಕೆಟ್ ಕೈಗೆ, ಖಲಾಸ್.

ಆದದ್ದು ಹನ್ನೆರಡನೇ ತಾರೀಕು. ಮಧ್ಯಾಹ್ನ ಎರಡೂ ನಲವತ್ತಕ್ಕೆ ಒಬ್ಬ ಬಂದ, ಸಣ್ಣ ಸೂಟ್‌ಕೇಸು, ಒಳ್ಳೆಯ ಮಾತು. ರೂಮು ಬೇಕು, ಆದರೆ ಮೊದಲು ನೋಡಬೇಕು ಅಂದ. ಎದುರಿನದ್ದು ತೋರಿಸ್ತೇನೆ ಅಂದೆ. ಬೇಡ, ಕಾರಿಡಾರಿನ ತುದಿಯದ್ದೇ ಬೇಕು, ಗಲಾಟೆ ಇರುವುದಿಲ್ಲ ಅಂದ. ಅದರ ಎ.ಸಿ. ಹಾಳಾಗಿದೆ ಅಂತ ಸುಳ್ಳು ಹೇಳಿದೆ. ಹಿಂದಿನಿಂದ ಮ್ಯಾನೇಜರ್ "ನಿನ್ನೆ ತಾನೇ ಸರಿ ಮಾಡಿಸಿದ್ದಲ್ಲ" ಅಂತ ಕೀಲಿ ತೆಗೆದು, ನೋಡಿ ಬನ್ನಿ ಅಂತ ಅವನ ಕೈಗೇ ಕೊಟ್ಟ. ನಾನು ಫೋನ್ ಎತ್ತಿದೆ. ಮ್ಯಾನೇಜರ್ ತಿರುಗಿ ನನ್ನನ್ನೇ ನೋಡಿದ. ಇಟ್ಟುಬಿಟ್ಟೆ.

ಆ ಮನುಷ್ಯ ಯಾವುದೋ ಕಂಪನಿ ಕಳಿಸಿದವ ಅಂತ ವರದಿ ಬಂದಾಗ ಗೊತ್ತಾಯಿತು. ಖಾಲಿ ರೂಮಿನಲ್ಲಿ ಕೆಲಸದ ಹೆಂಗಸು ಮಲಗಿದ್ದು ಅದರಲ್ಲಿತ್ತು. ಅದನ್ನು ಬೆಳಗಿನ ಬ್ರೀಫಿಂಗಿನಲ್ಲಿ ಎಲ್ಲ ಸ್ಟಾಫಿನ ಎದುರು ಓದಿದರು. ಮೈಮೂನಕ್ಕ ನನ್ನ ಪಕ್ಕದಲ್ಲೇ ನಿಂತಿದ್ದರು.

ಅವನಿಗೆ ಆ ರೂಮು, ಆ ಹೊತ್ತು ಹೇಗೆ ಗೊತ್ತು? ಆ ಕಥೆ ನಾನು ಹೇಳಿದ್ದು ನಿನ್ನ ಮನೆಯಲ್ಲಿ ಮಾತ್ರ. ಕೇಳಿದ್ದು ನೀನು, ಸುಮಂತ್, ರುಡೊಲ್ಫ್. ರುಡೊಲ್ಫ್ ಇಲ್ಲಿಯ ಹೋಟೆಲುಗಳಿಗೆಲ್ಲ ಕೇಟರಿಂಗ್ ಸಾಮಾನು ಹಾಕ್ತಾನೆ, ಮ್ಯಾನೇಜರುಗಳ ಜೊತೆ ಕೂತು ಚಹಾ ಕುಡೀತಾನೆ, ಅವನ ಬಾಯಿಗೆ ಬೀಗ ಇಲ್ಲ. ಕೇಳಿದೆ. ಇಲ್ಲ ಅಂದ. ನಂಬಿಕೆ ಆಗಲಿಲ್ಲ. ಇನ್ನು ನನ್ನ ಹತ್ತಿರ ಮಾತಾಡಬೇಡ ಅಂದಿದ್ದೇನೆ.

ನಿಮ್ಮ ಕಂಪನಿಯಲ್ಲ ತಾನೇ? ಸುಮ್ಮನೆ ಕೇಳಿದ್ದು. ಆಗಿದ್ದರೆ ನೀನು ಮೊದಲೇ ಹೇಳ್ತಿದ್ದೆ, ನನಗೆ ಗೊತ್ತುಂಟು.

ಎಮಿಲಿಯಾ

*

ಅಲ್ ನಹ್ದಾ
೪ ಮಾರ್ಚ್ ೨೦೨೫

ಪ್ರೀತಿಯ ಎಮಿಲಿಯಾ,

ಓದಿ ತುಂಬಾ ಬೇಜಾರಾಯಿತು. ಏನು ಬರೆಯಲಿ ಅಂತಲೇ ತಿಳಿಯುತ್ತಿಲ್ಲ. ಇಂಥ ಕಂಪನಿಗಳು ಇಲ್ಲಿ ಹತ್ತಾರಿವೆ.

ರಂಜಾನ್ ಶುರುವಾಗಿದೆ, ಆಫೀಸು ಬೇಗ ಬಿಡುತ್ತೆ. ಸಂಜೆ ಏನಾದರೂ ನೋಡೋಣ ಅಂತ ಕೂರುತ್ತೇವೆ. ಮೊನ್ನೆ ಒಂದು ಕೊರಿಯನ್ ಸೀರಿಯಲ್ ಹಾಕಿದೆವು, ಅಡುಗೆಯವನೊಬ್ಬನ ಕಥೆ. ಏನು ನೋಡಿದೆ ಅಂತ ಕೇಳಿದರೆ ಹೇಳಲಾರೆ. ಹಿತಾಗೆ ಪರೀಕ್ಷೆ.

ರುಡೊಲ್ಫ್ ಮೇಲೆ ಅಷ್ಟು ಸಿಟ್ಟು ಮಾಡಬೇಡ. ಅವನು ಹೇಳಿರಲಾರ.

ಪುಸ್ತಕ ಕಳಿಸುತ್ತಿಲ್ಲ. ಕಪಾಟಿನ ಮುಂದೆ ನಿಂತೆ, ಯಾವುದೂ ಕೈಗೆ ಬರಲಿಲ್ಲ.

ಬಿಂದು

*

ಅಲ್ ನಹ್ದಾ
೨೫ ಮಾರ್ಚ್ ೨೦೨೫

ಎಮಿಲಿಯಾ,

ಮೂರು ವಾರದಿಂದ ನಿನ್ನ ಕಾಗದ ಇಲ್ಲ. ಶಾನವಾಝ್ ಎರಡು ಸಲ ಬರಿಗೈಯಲ್ಲಿ ಬಂದ. ಮೂರನೇ ಸಲ ಅವನಿಗೇ ಮುಜುಗರವಾಗಿ ಒಂದು ಪೊಟ್ಟಣ ಖರ್ಜೂರ ಕೊಟ್ಟು ಹೋದ.

ಹೋದ ಶನಿವಾರ ರುಡೊಲ್ಫ್ ಬಂದಿದ್ದ. ಸಿನಿಮಾ ಹಾಕಿದೆವು. ಈ ಸಲ ಅವನು ನಿದ್ದೆ ಮಾಡಲಿಲ್ಲ. ಮುಗಿದ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಾ, "ಬಿಂದು ಬಾಯಿ, ನಾನು ಹೇಳಿದ್ದಲ್ಲ. ಅವಳು ನನ್ನ ಜೊತೆ ಮಾತಾಡುವುದಿಲ್ಲ. ಮಮ್ಮಿ ಊರಿಂದ ಫೋನ್ ಮಾಡಿ, ತಂಗಿಗೆ ಎಂತ ಮಾಡಿದೆ ಅಂತ ಕೇಳ್ತಾರೆ. ನೀವೊಂದು ಮಾತು ಹೇಳ್ತೀರಾ?" ಅಂದ. ನನ್ನ ಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ಕೇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡು ನಕ್ಕವಳು ನಾನು. ಇಲ್ಲಿ ಕಳ್ಳಿಯೂ ನಾನೇ, ಇನ್ನೊಬ್ಬನ ಹೆಗಲು ನೋಡುತ್ತಾ ನಿಂತವಳೂ ನಾನೇ.

ಹೇಳಿದ್ದು ರುಡೊಲ್ಫ್ ಅಲ್ಲ. ನಾನು.

ನಿನ್ನ ಕಥೆ ಕೇಳಿದ ಮರುದಿನ ಬರೆದ ಹದಿನೇಳನೇ ಪ್ರಶ್ನೆ ಇದು: "ಮಧ್ಯಾಹ್ನ ಎರಡರಿಂದ ಮೂರರ ಒಳಗೆ, ಕಾರಿಡಾರಿನ ತುದಿಯ ಖಾಲಿ ರೂಮೊಂದನ್ನು ತೋರಿಸಲು ಕೇಳಿ. ಒಳಗೆ ಏನು ಕಂಡಿತು?" ಯಾರ ಹೆಸರೂ ಬರೆದಿಲ್ಲ, ಹನ್ನೆರಡು ಹೋಟೆಲುಗಳಿಗೂ ಒಂದೇ ಪಟ್ಟಿ. ನಿನ್ನ ಹೋಟೆಲೂ ಅದರಲ್ಲಿದೆ ಅಂತ ನನಗೆ ಗೊತ್ತಿರಲಿಲ್ಲ. ನೀನು ನಗಿಸಲು ಹೇಳಿದ್ದನ್ನು ನಾನು ಕೆಲಸಕ್ಕೆ ಹಚ್ಚಿದೆ. ಅಷ್ಟೇ ಆದದ್ದು. ಅಷ್ಟೇ ಅಂತ ಬರೆಯಲೂ ನಾಚಿಕೆಯಾಗುತ್ತೆ.

ಕ್ಷಮಿಸು.

ಬಿಂದು

*

ಮದೀನತ್ ಜಾಯೆದ್
೮ ಏಪ್ರಿಲ್ ೨೦೨೫

ಬಿಂದು,

ನಿನ್ನ ಕಾಗದ ಓದಿ ಒಂದು ವಾರ ನಿನ್ನನ್ನು ಬೈದೆ, ಕೊಂಕಣಿಯಲ್ಲಿ, ಅದರಲ್ಲಿ ಬೈಗಳು ಚೆನ್ನಾಗಿ ಬರ್ತದೆ. ಆಮೇಲೆ ಈಸ್ಟರಿಗೆ ಮೊದಲು ಕನ್ಫೆಶನಿಗೆ ಹೋಗಬೇಕಲ್ಲ ಅಂತ ಯೋಚನೆ ಬಂತು. ಒಬ್ಬಳ ಮೇಲೆ ಸಿಟ್ಟು ಇಟ್ಟುಕೊಂಡು ಹೇಗೆ ಮೊಣಕಾಲೂರುವುದು?

ನಿನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಆದದ್ದಕ್ಕೆ ಎಂತ ಮಾಡುವುದು? ಬಾಯಿ ಬಿಟ್ಟವಳು ನಾನೂ ಹೌದಲ್ಲ. ಮೈಮೂನಕ್ಕನ ನಿದ್ದೆಯನ್ನು ನೀರುದೋಸೆಯ ಜೊತೆ ಬಡಿಸಿದವಳು ನಾನು. ರುಡೊಲ್ಫನಿಗೆ ಫೋನ್ ಮಾಡಿ ತಪ್ಪಾಯಿತು ಅಂದೆ. ಅವನು ಅತ್ತ ಮಾರಾಯ್ತಿ, ಅಷ್ಟು ದೊಡ್ಡ ಗಂಡಸು.

ನೀನು ಇನ್ನು ಕೊರಗಬೇಡ. ಮೇ ತಿಂಗಳಲ್ಲಿ ಬರ್ತೇನೆ. ಒಳ್ಳೆಯ ಪಿಕ್ಚರ್ ಹುಡುಕಿ ಇಡು, ನಗುವಂಥದ್ದು.

ನಿನ್ನ,
ಎಮಿಲಿಯಾ

*

ಅಲ್ ನಹ್ದಾ
೧೫ ಏಪ್ರಿಲ್ ೨೦೨೫

ಎಮಿಲಿಯಾ,

ನಿನ್ನ ಕಾಗದ ಬಂದ ದಿನ ಮನೆಯಲ್ಲಿ ಪಾಯಸ ಮಾಡಿದೆ. ನಿಜವಾಗಲೂ ಮಾಡಿದೆ. ಒಂದು ಚಮಚ ಬಾಯಿಗಿಟ್ಟು ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ. ಸುಮಂತ್ "ಏನಾಯಿತು?" ಅಂದರು. ಸುಳ್ಳು ಹೇಳಿ ಕ್ಷಮೆ ಗಿಟ್ಟಿಸಿದ್ದೀನಿ ಅಂದೆ. "ಹಾಗಾದರೆ ವಾಪಸ್ ಕೊಡು" ಅಂದರು.

ವಾಪಸ್ ಕೊಡುತ್ತಿದ್ದೀನಿ.

ನನಗೆ ಗೊತ್ತಿತ್ತು. ಪ್ರಶ್ನೆ ಬರೆದದ್ದು ಸೋಮವಾರ. ಬುಧವಾರ ಹೋಟೆಲುಗಳ ಪಟ್ಟಿ ಬಂತು. ಒಂಬತ್ತನೆಯದು ನಿನ್ನದು, ಹೆಸರು, ಊರು ಎಲ್ಲ ಸರಿಯಾಗಿತ್ತು. ಹದಿನೇಳನ್ನು ಅಳಿಸಲು ಒಂದು ಬೆರಳು ಸಾಕಿತ್ತು. ಅಳಿಸಿದರೆ ಯಾಕೆ ಅಂತ ಪೃಥ್ವಿರಾಜ್ ಕೇಳುತ್ತಿದ್ದ. ಎರಡು ದಿನದ ಹಿಂದೆ ಹೊಗಳಿಸಿಕೊಂಡದ್ದನ್ನು ನಾನೇ ತೆಗೆಯಬೇಕಿತ್ತು. ಆಕೆ ಆ ದಿನ ಮಲಗದೇ ಇರಬಹುದು ಅಂದುಕೊಂಡೆ. ಎಮಿಲಿಯಾ ಹೇಗೂ ಕಾವಲಿದ್ದಾಳೆ ಅಂದುಕೊಂಡೆ. ನಿನಗೆ ಒಂದು ಮಾತು ತಿಳಿಸಬಹುದಿತ್ತು. ಅವತ್ತು ನೀನು ಹಿತಾಳ ಫೋಟೋ ಕೇಳಿ ಮೆಸೇಜ್ ಮಾಡಿದ್ದೆ. ನಾನು ಫೋಟೋ ಕಳಿಸಿದೆ, ಈ ಮಾತು ಕಳಿಸಲಿಲ್ಲ.

ಇನ್ನೂ ಇದೆ. ಹೋಗಿ ಬಂದವರು ಅರೆಬರೆ ಇಂಗ್ಲಿಷಿನಲ್ಲಿ ಟಿಪ್ಪಣಿ ಕೊಡುತ್ತಾರೆ. ಅದನ್ನು ಓದಲು ಅಚ್ಚುಕಟ್ಟಾದ ವಾಕ್ಯ ಮಾಡುವುದು ನನ್ನದೇ ಕೆಲಸ. ನಿನ್ನ ಪಕ್ಕದಲ್ಲಿ ಮೈಮೂನಕ್ಕ ನಿಂತಿದ್ದಾಗ ಓದಿದರಲ್ಲ, ಆ ವರದಿಯನ್ನು ಬರೆದ ಕೈ ಇದೇ. ಯಾರ ಬಗ್ಗೆ ಬರೆಯುತ್ತಿದ್ದೀನಿ ಅಂತ ಗೊತ್ತಿದ್ದೇ ಬರೆದೆ.

ಅಕ್ಕನ ಹತ್ತಿರ ಹೇಳಿಬಿಡಬಹುದಿತ್ತಲ್ಲ ಅಂತ ನೀನು ಆ ನಡುವಿನವಳನ್ನು ಬೈದಿದ್ದೆ. ಹೇಳುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತಾಯಿತು. ಆದರೆ ಕಷ್ಟ ಅನ್ನುವುದು ನನ್ನ ಪರವಾದ ಮಾತಲ್ಲ.

ಬಿಂದು

*

ಮದೀನತ್ ಜಾಯೆದ್
೬ ಮೇ ೨೦೨೫

ಬಿಂದು,

ನನ್ನ ಹತ್ತಿರ ಕ್ಷಮೆ ಕೇಳಬೇಡ. ನನ್ನ ಕೆಲಸ ಇದೆ, ರೂಮು ಇದೆ, ಇವತ್ತೂ ಊಟ ಮಾಡಿದೆ.

ಮೈಮೂನಕ್ಕನ ಊರಿನ ನಂಬರನ್ನು ಈ ಚೀಟಿಯ ಹಿಂದೆ ಬರೆದಿದ್ದೇನೆ. ಅವರಿಗೆ ಹೇಳು. ನಿನ್ನ ಬಾಯಿಯಲ್ಲೇ ಹೇಳಬೇಕು, ಕಾಗದದಲ್ಲಿ ಅಲ್ಲ.

ಎಮಿಲಿಯಾ

*

ಅಲ್ ನಹ್ದಾ
೨೦ ಮೇ ೨೦೨೫

ಎಮಿಲಿಯಾ,

ಮಾಡಿದೆ. ನಾಲ್ಕು ದಿನ ನಂಬರ್ ಒತ್ತಿ ಒತ್ತಿ ಬಿಟ್ಟೆ. ಐದನೇ ದಿನ, ಶನಿವಾರ ಬೆಳಿಗ್ಗೆ, ಅವರೇ ಎತ್ತಿದರು. ಹೆಸರು ಹೇಳಿದ ಕೂಡಲೇ "ಎಮಿಲಿಯಾ ಬಾಯಿಯ ದೋಸ್ತಿ ಅಲ್ವಾ? ಪಿಕ್ಚರ್ ನೋಡುವವರು?" ಅಂದರು. ಆ ದನಿಯಲ್ಲಿದ್ದ ಸಂತೋಷ ಕೇಳಿ ಫೋನ್ ಇಡೋಣ ಅನ್ನಿಸಿತು.

ಎಲ್ಲ ಹೇಳಿದೆ. ಪ್ರಶ್ನೆ, ಪಟ್ಟಿ, ವರದಿ, ಒಂದನ್ನೂ ಬಿಡಲಿಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಮೇಲೆ ಕೇಳಿದರು:

"ಹಾಗಾದ್ರೆ ಆ ಇಂಗ್ಲಿಷ್ ಬರೆದದ್ದು ನೀವಾ?"

"ಹೌದು."

"ನಾನು ಮಂಚದಲ್ಲಿ ಮಲಗಿದ್ದೆ ಅಂತ ಯಾಕೆ ಬರೆದದ್ದು?"

ನನಗೆ ಅರ್ಥವಾಗಲಿಲ್ಲ.

"ನಾನು ಮಂಚ ಹತ್ತಿದವಳೇ ಅಲ್ಲ ಮೇಡಂ. ಕೆಳಗೆ, ಕಾರ್ಪೆಟಿನಲ್ಲಿ, ಗೋಡೆಗೆ ತಾಗಿ ಕಾಲು ಚಾಚಿದ್ದು. ಬೆಡ್‌ಶೀಟಿಗೆ ಸುಕ್ಕು ಬಿದ್ದರೆ ತೆಗೆಯಬೇಕಾದವಳು ನಾನೇ ಅಲ್ವಾ?" ಸ್ವಲ್ಪ ನಕ್ಕರು. ಆಮೇಲೆ ದನಿ ತಗ್ಗಿಸಿದರು. "ಬ್ರೀಫಿಂಗಿನಲ್ಲಿ ನಮ್ಮ ಕಡೆಯ ಒಬ್ಬಳು ಇದ್ದಳು. ಊರಿಗೆ ಸುದ್ದಿ ನನಗಿಂತ ಮೊದಲು ಬಂದು ಮುಟ್ಟಿದೆ. ಮೈಮೂನ ಹೋಟೆಲಿನಲ್ಲಿ ಯಾರದೋ ಮಂಚದಲ್ಲಿ ಸಿಕ್ಕಿಬಿದ್ದಳಂತೆ ಅಂತ. ಅಳಿಯ ಮಗಳನ್ನು ನಮ್ಮ ಮನೆಗೆ ಕಳಿಸುವುದಿಲ್ಲ. ಕೆಲಸ ಹೋದದ್ದು ಹೋಯಿತು. ಆ ಒಂದು ಮಾತನ್ನು ತೆಗೀಲಿಕ್ಕಾಗ್ತದಾ?"

ಸೋಮವಾರ ಆಫೀಸಿನಲ್ಲಿ ಹಳೆಯ ಟಿಪ್ಪಣಿ ತೆಗೆದು ನೋಡಿದೆ. ಆ ಮನುಷ್ಯ ಬರೆದದ್ದು ಇಷ್ಟೇ: "ರೂಮಿನಲ್ಲಿ ಹೆಂಗಸು, ನಿದ್ದೆ." ಮಂಚ ಅವನದಲ್ಲ, ನನ್ನದು. ರೂಮು ಅಂದರೆ ಮಂಚ, ನಿದ್ದೆ ಅಂದರೆ ಹಾಸಿಗೆ ಅಂತ ನನ್ನ ತಲೆಯೇ ಸೇರಿಸಿಬಿಟ್ಟಿತು. ವಾಕ್ಯ ನೆಟ್ಟಗೆ ಕಾಣಲಿ ಅಂತ ಒಬ್ಬ ಹೆಂಗಸಿನ ಮಾನವನ್ನು ಅದರೊಳಗೆ ಹಾಕಿದೆ, ಎಮಿಲಿಯಾ.

ಪೃಥ್ವಿರಾಜ್ ಹತ್ತಿರ ಹೋದೆ. ಕಥೆ ಎಲ್ಲಿಂದ ಬಂತು, ಏನು ಗೊತ್ತಿತ್ತು, ಎಲ್ಲ ಹೇಳಿದೆ. "ಯಾರೂ ದೂರು ಕೊಟ್ಟಿಲ್ಲ. ನೀವ್ಯಾಕೆ ಕೆದಕ್ತೀರ?" ಅಂದ. ತಿದ್ದುಪಡಿ ಹೋಗದಿದ್ದರೆ ಹೋಟೆಲಿಗೆ ನಾನೇ ಬರೆಯುತ್ತೀನಿ ಅಂದೆ. ಮೂರು ದಿನ ಕಾಯಿಸಿ, ಕಂಪನಿಯ ಕಾಗದದಲ್ಲಿ ತಿದ್ದುಪಡಿ ಕಳಿಸಿದ, ಜೊತೆಗೆ ನನ್ನಿಂದ ಪ್ರಶ್ನೆಪಟ್ಟಿಯನ್ನೂ ವರದಿಯನ್ನೂ ತೆಗೆದುಕೊಂಡ. ಈಗ ನಾನು ಬಿಲ್ಲು ಫೈಲ್ ಮಾಡುವ ಮೇಜಿನಲ್ಲಿದ್ದೀನಿ. ಅದಕ್ಕೆ ಮರುಗಬೇಡ, ನಾನು ಮರುಗುತ್ತಿಲ್ಲ. ಹೋಟೆಲಿನವರು "ಗಮನಿಸಿದ್ದೇವೆ, ನಿರ್ಧಾರ ಬದಲಾಗುವುದಿಲ್ಲ" ಅಂತ ಎರಡು ಸಾಲು ಬರೆದರು.

ನಿನ್ನೆ ಮತ್ತೆ ಫೋನ್ ಮಾಡಿದೆ. ತಿದ್ದುಪಡಿಯ ಕಾಗದವನ್ನು ಕನ್ನಡದಲ್ಲಿ ಓದಿದೆ: "ನಮ್ಮ ವರದಿಯಲ್ಲಿ ತಪ್ಪಾಗಿದೆ. ಮೈಮೂನ ಅವರು ಅತಿಥಿಗಳ ಮಂಚದ ಮೇಲೆ ಮಲಗಿರಲಿಲ್ಲ. ರೂಮಿನಲ್ಲಿ ಅವರು ಒಬ್ಬರೇ ಇದ್ದರು, ನೆಲದ ಮೇಲೆ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದರು."

"ನಿಲ್ಲಿ," ಅಂದರು. ಬಾಗಿಲು ತೆಗೆದ ಸದ್ದು, ಯಾರನ್ನೋ ಕರೆದ ಸದ್ದು. "ಸ್ಪೀಕರಿಗೆ ಹಾಕಿದ್ದೇನೆ. ಅಳಿಯ ಬಂದಿದ್ದಾನೆ. ಇನ್ನೊಮ್ಮೆ ಓದಿ. ಜೋರಾಗಿ."

ಓದಿದೆ. ಆಮೇಲೆ ಮೈಮೂನಕ್ಕ, "ಒಬ್ಬರೇ ಇದ್ದರು ಅನ್ನುವುದನ್ನು ಇನ್ನೊಮ್ಮೆ," ಅಂದರು.

ಮೂರನೇ ಸಲ ಓದುವಾಗ ನನ್ನ ದನಿ ಒಡೆಯಿತು. ಅವರದು ಒಡೆಯಲಿಲ್ಲ. "ಸಾಕು ಮೇಡಂ" ಅಂತ ಫೋನ್ ಇಟ್ಟರು. ಕ್ಷಮಿಸಿದೆ ಅನ್ನಲಿಲ್ಲ, ನಾನೂ ಕೇಳಲಿಲ್ಲ.

ಬಾ ಅಂತ ಕರೆಯಲು ನನಗೆ ಬಾಯಿಲ್ಲ.

ಬಿಂದು

*

ಮದೀನತ್ ಜಾಯೆದ್
೨೭ ಮೇ ೨೦೨೫

ಬಿಂದು,

ಮೈಮೂನಕ್ಕ ಫೋನ್ ಮಾಡಿದ್ದರು. ಮಗಳು ಬಂದಿದ್ದಾಳಂತೆ, ಎರಡು ದಿನಕ್ಕೆ.

ಈ ಶುಕ್ರವಾರ ಡ್ಯೂಟಿ ಮುಗಿಸಿ ಬಸ್ ಹತ್ತುತ್ತೇನೆ. ರುಡೊಲ್ಫನಿಗೂ ಹೇಳಿದ್ದೇನೆ. ದೋಸೆಗೆ ಅಕ್ಕಿ ನೆನೆಹಾಕು. ಪಿಕ್ಚರ್ ಯಾವುದಾದರೂ ಆಗ್ತದೆ, ನಗುವಾ, ಊಟ ಮಾಡುವಾ, ಹಿತಾಳಿಗೆ ಕನ್ನಡ ಕಲಿಸುವಾ.

ಆದರೆ ನನ್ನ ಹೋಟೆಲಿನಲ್ಲಿ ಎಂತ ಆಯಿತು ಅಂತ ಮಾತ್ರ ಕೇಳಬೇಡ. ಸಿಟ್ಟಿನಿಂದ ಹೇಳುವುದಲ್ಲ, ಸಿಟ್ಟು ಹೋಗಿದೆ. ಇನ್ನು ನಿನ್ನೆದುರು ಬಾಯಿ ತೆರೆಯುವ ಮೊದಲು ನಾನು ಒಂದು ಸಲ ಯೋಚಿಸ್ತೇನೆ. ಮೊದಲು ಯೋಚಿಸ್ತಿರಲಿಲ್ಲ.

ಎಮಿಲಿಯಾ